ವಿಶ್ವೇಶ್ವರಯ್ಯನವರ ನೀರಿನ ಲೆಕ್ಕ ಮತ್ತು ಶರಾವತಿ

ಸಾಗರ: ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರ ತಾಲ್ಲೂಕನ್ನು ಹಾದು, ಸಾಗರದ ಗಡಿಯಲ್ಲಿ ಜೋಗದ ಬಂಡೆಗಳಿಂದ ಧುಮುಕಿ, ಹೊನ್ನಾವರದ ಬಳಿ ಕಡಲು ಸೇರುತ್ತದೆ. ಈ ನದಿಯ ಲಿಂಗನಮಕ್ಕಿ ಜಲಾಶಯದಿಂದ ಬೆಂಗಳೂರಿಗೆ ಕುಡಿಯುವ ನೀರು ಒಯ್ಯುವ ಪ್ರಸ್ತಾವ 2019ರಲ್ಲಿ ಮುನ್ನೆಲೆಗೆ ಬಂದಾಗ ಮಲೆನಾಡು ಪ್ರತಿಭಟನೆಗೆ ಇಳಿಯಿತು. ಆ ವರ್ಷದ ಜುಲೈ 10ರಂದು ಶಿವಮೊಗ್ಗ ಜಿಲ್ಲಾ ಬಂದ್ ನಡೆಯಿತು. ಬೆಳೆಯುತ್ತಿರುವ ನಗರ ಮತ್ತು ಅದರ ಹೊರವಲಯಕ್ಕೆ ಮುಂದಿನ ಐವತ್ತು ವರ್ಷಗಳ ನೀರನ್ನು ಎಲ್ಲಿಂದ, ಯಾವ ಲೆಕ್ಕದಲ್ಲಿ ತರಬೇಕು ಎಂಬುದೇ ವಿವಾದದ ತಿರುಳಾಗಿತ್ತು. ಅಂಥ ಲೆಕ್ಕವನ್ನೇ ಜೀವಮಾನದ ಕಾಯಕ ಮಾಡಿಕೊಂಡಿದ್ದವರು ಸರ್ ಎಂ. ವಿಶ್ವೇಶ್ವರಯ್ಯ.

1861ರ ಸೆಪ್ಟೆಂಬರ್ 15ರಂದು ಮುದ್ದೇನಹಳ್ಳಿಯಲ್ಲಿ ಜನಿಸಿದ ಅವರು ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. ಮನೆಪಾಠ ಹೇಳುತ್ತ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸೇರಿದರು.

ನಗರ ನೀರು ಪೂರೈಕೆಯಲ್ಲಿ ಅವರ ಹೆಸರು ಮೊದಲು ಕೇಳಿಬಂದದ್ದು ದೂರದ ಸಿಂಧ್ ಪ್ರಾಂತ್ಯದ ಸಕ್ಕರ್ ಪಟ್ಟಣದಲ್ಲಿ, 1890ರ ದಶಕದ ನಡುಭಾಗದಲ್ಲಿ. ಸಿಂಧೂ ನದಿ ಊರಿನ ಪಕ್ಕದಲ್ಲೇ ಹರಿಯುತ್ತಿದ್ದರೂ ನೀರು ಕೆಸರುಮಯ. ಶೋಧಕ ತೊಟ್ಟಿಗಳನ್ನು ಕಟ್ಟುವಷ್ಟು ಹಣ ಪುರಸಭೆಯ ಬಳಿ ಇರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿದರು. ಮರಳಿನ ಪದರದಲ್ಲಿ ಸೋಸಿ ಬಂದ ತಿಳಿನೀರನ್ನು ಪಂಪ್ ಮೂಲಕ ಗುಡ್ಡದ ಮೇಲಿನ ತೊಟ್ಟಿಗೆ ಏರಿಸಿ ಊರಿಗೆ ಹಂಚಲಾಯಿತು.

ಪುಣೆಯ ಸಮಸ್ಯೆ ಬೇರೆ ಬಗೆಯದು. ಖಡಕ್‌ವಾಸ್ಲಾ ಜಲಾಶಯ ಮಳೆಗಾಲದಲ್ಲಿ ತುಂಬಿ ಕೋಡಿ ಹರಿದು, ಬೇಸಿಗೆಯಲ್ಲಿ ನೀರು ಸಾಲುತ್ತಿರಲಿಲ್ಲ. ಅಣೆಕಟ್ಟಿನ ಗೋಡೆಯನ್ನು ಎತ್ತರಿಸುವುದು ದುಬಾರಿ ಕೆಲಸ. ನೀರು ನಿಗದಿತ ಮಟ್ಟ ಮುಟ್ಟಿದಾಗ ತಾವಾಗಿಯೇ ತೆರೆದು, ಇಳಿದಾಗ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಅವರು ರೂಪಿಸಿದರು. 1903ರ ವೇಳೆಗೆ ಅವು ಅಲ್ಲಿ ಕೆಲಸ ಆರಂಭಿಸಿದವು. ಇದ್ದ ಕಟ್ಟೆಯಲ್ಲೇ ಹೆಚ್ಚು ನೀರು ನಿಂತಿತು. ಹೊಸ ನದಿಯನ್ನು ಹುಡುಕುವ ಮೊದಲು ಕೈಯಲ್ಲಿರುವ ನೀರನ್ನು ಉಳಿಸಿಕೊಳ್ಳುವ ಈ ಕ್ರಮ ಇಂದಿನ ಯೋಜನಾ ವರದಿಗಳಲ್ಲಿ ಅಪರೂಪವೆಂದೇ ಹೇಳಬೇಕು.

1908ರ ಸೆಪ್ಟೆಂಬರ್‌ನಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದಿನಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ನಿಜಾಮರ ಸರ್ಕಾರ ಆಗಷ್ಟೇ ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರನ್ನು ಕರೆಸಿತು. ಮಳೆಯ ದಾಖಲೆಗಳನ್ನೂ ಜಲಾನಯನ ಪ್ರದೇಶವನ್ನೂ ಪರಿಶೀಲಿಸಿದ ಅವರು ನಗರದ ಮೇಲ್ಭಾಗದಲ್ಲಿ ಎರಡು ಜಲಾಶಯಗಳನ್ನು ಸೂಚಿಸಿದರು. 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಪೂರ್ಣಗೊಂಡವು. ಪ್ರವಾಹ ತಡೆಯಲು ಯೋಚಿಸಿದ ಕೆರೆಗಳೇ ಹೈದರಾಬಾದಿಗೆ ದಶಕಗಳ ಕಾಲ ಕುಡಿಯುವ ನೀರನ್ನೂ ಕೊಟ್ಟವು.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದ ಬಳಿಕದ ಕನ್ನಂಬಾಡಿಯ ಕಥೆ ನಾಡಿಗೇ ಗೊತ್ತಿರುವಂಥದು. ಅದರಲ್ಲಿ ಒಂದು ಅಂಶ ಇಲ್ಲಿ ಪ್ರಸ್ತುತ. ಮದ್ರಾಸ್ ಸರ್ಕಾರದ ಆಕ್ಷೇಪದಿಂದಾಗಿ ಆರಂಭದಲ್ಲಿ ಕಡಿಮೆ ಎತ್ತರದ ಕಟ್ಟೆಗೆ ಮಾತ್ರ ಅನುಮತಿ ದೊರೆತಿತ್ತು. ಆದರೆ ಅಡಿಪಾಯವನ್ನು ಮುಂದೆ ಏರಿಸಬಹುದಾದ ಪೂರ್ಣ ಎತ್ತರಕ್ಕೆ ತಕ್ಕಂತೆ ಹಾಕಲಾಯಿತು. 1924ರ ಒಪ್ಪಂದದ ನಂತರ ಆ ದೂರದೃಷ್ಟಿ ಫಲಿಸಿತು. ಕನ್ನಂಬಾಡಿ ಎಂಬ ಊರೇ ನೀರಿನಡಿ ಹೋಯಿತೆಂಬುದನ್ನೂ ಇದರ ಜೊತೆಗೆ ಹೇಳಬೇಕಾಗುತ್ತದೆ.

1912ರಿಂದ 1918ರವರೆಗೆ ದಿವಾನರಾಗಿದ್ದಾಗ ಮಲೆನಾಡೂ ಅವರ ಗಮನಕ್ಕೆ ಬಂದಿತ್ತು. ಮಲೇರಿಯಾದಿಂದ ಜನಸಂಖ್ಯೆ ಕುಗ್ಗುತ್ತಿದ್ದ ಈ ತಾಲ್ಲೂಕುಗಳಿಗಾಗಿ ಮಲೆನಾಡು ಸುಧಾರಣಾ ಯೋಜನೆ ರೂಪುಗೊಂಡಿತು. ಜೋಗದ ನೀರಿನಿಂದ ವಿದ್ಯುತ್ ಪಡೆಯುವ ಆರಂಭಿಕ ಸಮೀಕ್ಷೆಯೂ ಆ ದಶಕದ ಕೊನೆಯದೇ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆಯನ್ನು ಅವರು ದಿವಾನಗಿರಿ ಬಿಟ್ಟ ಮೇಲೆ ವಹಿಸಿಕೊಂಡರು.

ಬೆಂಗಳೂರಿನ ಋಣವೂ ಇದೆ. 1890ರ ದಶಕದಲ್ಲಿ ನೀರು ಕೊಡತೊಡಗಿದ್ದ ಹೆಸರಘಟ್ಟ ಕೆರೆ 1920ರ ದಶಕದಲ್ಲಿ ಬತ್ತಿದಾಗ, ಅರ್ಕಾವತಿ ಮತ್ತು ಕುಮುದ್ವತಿ ಕೂಡುವಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಅವರ ಮಾರ್ಗದರ್ಶನದಲ್ಲಿ ಎದ್ದಿತು. 1933ರಿಂದ ಅದು ನಗರಕ್ಕೆ ನೀರು ಕೊಟ್ಟಿತು. ನಗರ ಬೆಳೆಯಿತು, ಜಲಾನಯನ ಪ್ರದೇಶದಲ್ಲಿ ಬಡಾವಣೆಗಳೂ ಕೊಳವೆಬಾವಿಗಳೂ ಹೆಚ್ಚಿದವು, ಅರ್ಕಾವತಿ ಸೊರಗಿತು. 1974ರಿಂದ ಕಾವೇರಿಯನ್ನು ಸುಮಾರು 100 ಕಿ.ಮೀ. ದೂರದಿಂದ ಮೇಲೆತ್ತಿ ತರಲಾಯಿತು. ಅದೂ ಸಾಲದೆಂದಾಗ ಕಣ್ಣು ಶರಾವತಿಯ ಮೇಲೆ ಬಿದ್ದಿತು. ಲಿಂಗನಮಕ್ಕಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಬೆಂಗಳೂರು ಸುಮಾರು 3,000 ಅಡಿ ಎತ್ತರದಲ್ಲಿದೆ. ದಾರಿಯಲ್ಲಿ ಬರುವ ಏರಿಳಿತಗಳನ್ನು ಬಿಟ್ಟರೂ 1,200 ಅಡಿ ಎತ್ತಬೇಕು. ದೂರ ಸುಮಾರು 400 ಕಿ.ಮೀ. ವಿದ್ಯುತ್ ಉತ್ಪಾದಿಸಲೆಂದು ನಿಲ್ಲಿಸಿದ ನೀರನ್ನು ವಿದ್ಯುತ್ ಸುಟ್ಟು ಮೇಲೇರಿಸುವ ಯೋಜನೆ ಇದು.

ಅವರ ಕಡತಗಳಲ್ಲಿ ಮಳೆಗೆ, ಜನಸಂಖ್ಯೆಗೆ, ಖರ್ಚಿಗೆ, ಆದಾಯಕ್ಕೆ ಅಂಕಣಗಳಿದ್ದವು. ಮುಳುಗಿದ ಊರಿಗೆ ಪರಿಹಾರದ ಅಂಕಣವಿತ್ತು. ಆದರೆ ಅಲ್ಲಿನವರು ಮುಂದಿನ ಐವತ್ತು ವರ್ಷ ಹೇಗೆ ಬಾಳಿದರೆಂಬ ಲೆಕ್ಕವನ್ನು ಅವರ ಕಾಲದ ಎಂಜಿನಿಯರಿಂಗ್ ಇಟ್ಟಿರಲಿಲ್ಲ. ಸಾಗರ, ಹೊಸನಗರದ ಜನ 2019ರಲ್ಲಿ ಬೀದಿಗಿಳಿದದ್ದು ಆ ಬಿಟ್ಟುಹೋದ ಲೆಕ್ಕವನ್ನು ಮುಂದಿಟ್ಟುಕೊಂಡು. 1940ರ ದಶಕದಲ್ಲಿ ಹಿರೇಭಾಸ್ಕರ ಅಣೆಕಟ್ಟು ಒಮ್ಮೆ ಊರುಗಳನ್ನು ಮುಳುಗಿಸಿತ್ತು. 151 ಟಿಎಂಸಿಗೂ ಹೆಚ್ಚು ನೀರು ಹಿಡಿಯುವ ಲಿಂಗನಮಕ್ಕಿ ಬಂದಾಗ ಆ ಅಣೆಕಟ್ಟೇ ಮುಳುಗಿತು, ಜೊತೆಗೆ ಇನ್ನಷ್ಟು ಊರುಗಳು. ಎತ್ತಂಗಡಿಯಾದ ಕುಟುಂಬಗಳ ಜಮೀನಿನ ಹಕ್ಕುಪತ್ರದ ಗೋಜಲು ಅರ್ಧ ಶತಮಾನ ಕಳೆದರೂ ಬಿಡಿಸಲಾಗಲಿಲ್ಲ. ಹಿನ್ನೀರಿನಾಚೆಯ ಸಿಗಂದೂರು, ತುಮರಿ ಭಾಗದವರು ಸಾಗರಕ್ಕೆ ಬರಲು ಲಾಂಚ್‌ಗಾಗಿ ಕಾದರು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ.

1955ರಲ್ಲಿ ಭಾರತರತ್ನ ಪಡೆದ ವಿಶ್ವೇಶ್ವರಯ್ಯನವರು 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ನಿಧನರಾದರು. ಅವರ ಸಮಾಧಿ ಮುದ್ದೇನಹಳ್ಳಿಯಲ್ಲಿದೆ. ಆ ದಿನಗಳಲ್ಲಿ ಲಿಂಗನಮಕ್ಕಿಯ ಕಾಮಗಾರಿ ಭರದಿಂದ ಸಾಗಿತ್ತು; 1964ರಲ್ಲಿ ಅಣೆಕಟ್ಟು ಪೂರ್ಣಗೊಂಡಿತು.