ತೈಲಾನ್ವೇಷಕ ಕೇಶವದೇವ ಮಾಳವೀಯ

ವಾಶಿಯ ಸೇತುವೆಯ ಮೇಲೆ ನಿಂತು ಖಾಡಿಯ ಆಚೆಗೆ ನೋಡಿದರೆ ಟ್ರಾಂಬೆಯ ಎತ್ತರದ ಹೊಗೆಗೊಳವೆಗಳು ಕಾಣುತ್ತವೆ. ನಮಗೆ ದಕ್ಷಿಣದಲ್ಲಿ ಉರಣ್ ಇದೆ. ಅಲ್ಲಿಗೆ ಸಮುದ್ರತಳದ ಕೊಳವೆಗಳಲ್ಲಿ ಹರಿದು ಬರುವ ಖನಿಜ ತೈಲವು ಸುಮಾರು 160 ಕಿಲೋಮೀಟರು ದೂರದ ಮುಂಬಯಿ ಹೈ ಕ್ಷೇತ್ರದ್ದು. ಬಯಲುಸೀಮೆಯಿಂದ ಈ ಊರಿಗೆ ಬಂದ ನನಗೆ ಬಾವಿಯೆಂದರೆ ನೀರಿನ ಬಾವಿಯೊಂದೇ ಗೊತ್ತಿತ್ತು. ಕಡಲಿನೊಳಗೂ ಬಾವಿ ತೋಡುವರೆಂಬುದನ್ನು ಇಲ್ಲಿಯ ವಿದ್ಯಾರ್ಥಿಗಳಿಂದಲೇ ತಿಳಿದೆನೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಈ ಸಂಪತ್ತಿನ ಶೋಧನೆಗೆ ಹಾದಿ ಹಾಕಿಕೊಟ್ಟವರಲ್ಲಿ ಶ್ರೀ ಕೇಶವದೇವ ಮಾಳವೀಯರು ಮೊದಲಿಗರು.

ಅವರು 1904ರಲ್ಲಿ ಜನಿಸಿದರು. ಕಾನ್ಪುರದ ಹಾರ್ಕೋರ್ಟ್ ಬಟ್ಲರ್ ಸಂಸ್ಥೆಯಲ್ಲಿ ತೈಲ ತಂತ್ರಜ್ಞಾನವನ್ನು ಅಭ್ಯಾಸ ಮಾಡಿದರು. ಸ್ವಾತಂತ್ರ್ಯ ಸಂಗ್ರಾಮದಲ್ಲಿ ಸೆರೆವಾಸವನ್ನೂ ಅನುಭವಿಸಿದರು. ಮುಂದೆ ನೆಹರೂರವರ ಸರಕಾರದಲ್ಲಿ ಪ್ರಾಕೃತಿಕ ಸಂಪನ್ಮೂಲಗಳ ಖಾತೆಯ ಹೊಣೆ ಅವರಿಗೆ ಬಂದಿತು.

ನಾಡು ಸ್ವತಂತ್ರವಾದಾಗ ನಮ್ಮಲ್ಲಿ ಹೇಳಿಕೊಳ್ಳುವಂಥ ತೈಲಕ್ಷೇತ್ರವೆಂದರೆ ಅಸ್ಸಾಮಿನ ದಿಗ್ಬೋಯಿ ಮಾತ್ರ. ಭಾರತದ ಉಳಿದ ಭಾಗಗಳಲ್ಲಿ ತೈಲ ದೊರೆಯುವುದೆಂಬ ನಂಬಿಕೆ ಪಾಶ್ಚಾತ್ಯ ಕಂಪನಿಗಳಿಗೆ ಅಷ್ಟಾಗಿ ಇರಲಿಲ್ಲ. ಮಾಳವೀಯರು ಈ ನಿರಾಸೆಯನ್ನು ಒಪ್ಪಲಿಲ್ಲ. ಅವರು ಸೋವಿಯತ್ ದೇಶದ ನೆರವನ್ನು ಕೋರಿದರು. ಅಲ್ಲಿಂದ ಬಂದ ತಜ್ಞರು ನಮ್ಮ ಜಲಜಶಿಲೆಗಳನ್ನು ಪರಿಶೀಲಿಸಿ ಆಶಾದಾಯಕವಾದ ವರದಿಯನ್ನಿತ್ತರು. 1956ರ ಆಗಸ್ಟ್ 14ರಂದು ತೈಲ ಮತ್ತು ನೈಸರ್ಗಿಕ ಅನಿಲ ಆಯೋಗವು ಸ್ಥಾಪಿತವಾಯಿತು.

ಶಿಲೆಯಲ್ಲಿ ತೈಲ ಹುಟ್ಟುವ ಬಗೆಯನ್ನು ಇಲ್ಲಿ ಹೇಳಲೇಬೇಕು. ಪುರಾತನ ಜಲಾಶಯಗಳ ಕೆಸರಿನಲ್ಲಿ ಪಾಚಿ, ಸೂಕ್ಷ್ಮಜೀವಿ, ಗಿಡಮರಗಳ ಅವಶೇಷಗಳು ಹೂತುಹೋದುವು. ಗಾಳಿ ಸೋಕದೆಡೆಯಲ್ಲಿ ಅವು ಪೂರ್ತಿ ಕೊಳೆಯದೆ ಉಳಿದು, ಕೆಸರು ಶಿಲೆಯಾದಾಗ ಕೆರೋಜೆನ್ ಎಂಬ ಘನವಸ್ತುವಾದುವು. ಮೇಲೆ ಪದರಗಳು ಬಿದ್ದಂತೆ ಶಿಲೆ ಆಳಕ್ಕಿಳಿದು ಬಿಸಿಯೇರುತ್ತದೆ. ಉಷ್ಣತೆ ಸುಮಾರು 60ರಿಂದ 150 ಡಿಗ್ರಿ ಸೆಲ್ಸಿಯಸ್ ಆದಾಗ ಕೆರೋಜೆನ್ ಒಡೆದು ತೈಲವಾಗುತ್ತದೆ. ಬೆಣ್ಣೆ ಕಾಯಿಸುವ ನಮ್ಮ ತಾಯಂದಿರಿಗೆ ಈ ಹದ ಗೊತ್ತು: ಉರಿ ಸಾಲದಿದ್ದರೆ ತುಪ್ಪವಾಗದು, ಹೆಚ್ಚಾದರೆ ಸೀದುಹೋಗುವುದು. ಶಿಲೆಯಲ್ಲಿಯೂ ಕಾವು ಮಿತಿಮೀರಿದರೆ ತೈಲ ಹೋಗಿ ಅನಿಲವಷ್ಟೇ ಉಳಿಯುತ್ತದೆ. 1934ರಲ್ಲಿ ಜರ್ಮನಿಯ ಆಲ್ಫ್ರೆಡ್ ಟ್ರೈಬ್ಸ್ ಅವರು ಎಲೆಯ ಹಸಿರಿನಿಂದ ಬಂದ ವಸ್ತುಗಳನ್ನು ತೈಲದಲ್ಲಿಯೇ ಕಂಡುಹಿಡಿದು, ತೈಲವು ಜೀವಜನ್ಯವೆಂಬುದಕ್ಕೆ ಬಲವಾದ ಆಧಾರವನ್ನು ಒದಗಿಸಿದರು.

ಗುಜರಾತಿನ ಖಂಭಾತ್ ಶೇಲ್ ಇಂಥದೊಂದು ಮೂಲಶಿಲೆ. 1958ರಲ್ಲಿ ಖಂಭಾತದ ಬಳಿ, 1960ರಲ್ಲಿ ಅಂಕಲೇಶ್ವರದಲ್ಲಿ ತೈಲ ಚಿಮ್ಮಿತು. ಅಂಕಲೇಶ್ವರದ ಮೊದಲ ಬಾವಿಗೆ ವಸುಧಾರಾ ಎಂಬ ಹೆಸರಾಯಿತು. ಎಂಥ ಚೆಲುವಾದ ಹೆಸರು!

ಆದರೆ ಕೀರ್ತಿಯ ನಡುವೆಯೇ ಅಪವಾದವೂ ಬಂದಿತು. ಗಣಿ ವ್ಯಾಪಾರಿಯೊಬ್ಬರಿಂದ ಚುನಾವಣೆಗಾಗಿ 10,000 ರೂಪಾಯಿ ಕೊಡಿಸಿದ ಪ್ರಕರಣದಲ್ಲಿ ನ್ಯಾಯಮೂರ್ತಿಗಳ ವಿಚಾರಣೆ ನಡೆದು, 1963ರಲ್ಲಿ ಮಾಳವೀಯರು ಮಂತ್ರಿಪದವಿಯನ್ನು ತ್ಯಜಿಸಬೇಕಾಯಿತು. ಚರಿತ್ರೆಯನ್ನು ಬರೆಯುವವರು ಇದನ್ನು ಮುಚ್ಚಿಡಬಾರದು. ಅವರು ಅಧಿಕಾರದಿಂದ ದೂರವಿದ್ದಾಗಲೇ ಸೋವಿಯತ್ ನೌಕೆಯೊಂದು ನಮ್ಮ ಕಡಲತಳವನ್ನು ಶೋಧಿಸಿತು. 1974ರ ಫೆಬ್ರವರಿಯಲ್ಲಿ ಸಾಗರ ಸಮ್ರಾಟ್ ಎಂಬ ಕೊರೆಯುವ ವೇದಿಕೆ ಮುಂಬಯಿ ಹೈಯಲ್ಲಿ ತೈಲವನ್ನು ಮುಟ್ಟಿತು. ಅದೇ ವರ್ಷ ಪೆಟ್ರೋಲಿಯಂ ಖಾತೆ ಮತ್ತೆ ಮಾಳವೀಯರ ಕೈಗೆ ಬಂದಿತು. 1976ರ ಮೇ ತಿಂಗಳಲ್ಲಿ ಅಲ್ಲಿ ಉತ್ಪಾದನೆ ಆರಂಭವಾದುದು ಅವರ ಕಾಲದಲ್ಲಿಯೇ. ಆ ತೈಲದ ತವರು ಪನ್ನಾ ಎಂಬ ಇನ್ನೂ ಆಳದ ಶಿಲಾಸ್ತರ. ಅಲ್ಲಿಂದ ಮೇಲೇರಿ ಸುಣ್ಣಕಲ್ಲಿನ ರಂಧ್ರಗಳಲ್ಲಿ ನೆಲೆಸಿತ್ತು.

1981ರಲ್ಲಿ ಮಾಳವೀಯರು ತೀರಿಕೊಂಡರು. ಡೆಹರಾಡೂನಿನ ತೈಲಾನ್ವೇಷಣ ಸಂಸ್ಥೆಗೆ ಅವರ ಹೆಸರನ್ನಿಡಲಾಗಿದೆ. ಬಾವಿಗಳಿಂದ ಬಂದ ಕಲ್ಲಿನ ಚೂರುಗಳನ್ನು ಅಲ್ಲಿ ಪುಡಿಮಾಡಿ, ಕ್ರಮವಾಗಿ ಕಾಯಿಸಿ, ಒಂದು ಚಿಟಿಕೆ ಪುಡಿಯಿಂದ ಎಷ್ಟು ತೈಲ ಹೊರಡುವುದೆಂದು ಅಳೆಯುತ್ತಾರೆ.