ಪಿಎಚ್‌ಡಿ ಸಿಗದ ಅನ್ನಾ ಮಣಿ

ಜೂನ್ ಬಂತು ಅಂದ್ರೆ ಸಾಗರ, ಹೊಸನಗರದ ಕಡೆಯವರು ಪೇಪರಿನಲ್ಲಿ ಮೊದಲು ಹುಡುಕೋದು ಲಿಂಗನಮಕ್ಕಿಯ ನೀರಿನ ಮಟ್ಟ. 1819 ಅಡಿ ತುಂಬಿದರೆ ಶರಾವತಿಯ 1035 ಮೆಗಾವಾಟ್ ಸ್ಥಾವರದ ಬಗ್ಗೆ ಚಿಂತೆಯಿಲ್ಲ. ಮಳೆ ಕೈಕೊಟ್ಟ ವರ್ಷ ಮಾತ್ರ ಪಾವಗಡದ ಬಿಸಿಲು, ಚಿತ್ರದುರ್ಗದ ಗಾಳಿಯ ಕಡೆ ನೋಡಬೇಕಾಗುತ್ತೆ. ಈ ದೇಶದಲ್ಲಿ ಎಲ್ಲಿ ಎಷ್ಟು ಬಿಸಿಲು ಬೀಳುತ್ತೆ, ಎಲ್ಲಿ ಎಷ್ಟು ಗಾಳಿ ಬೀಸುತ್ತೆ ಅಂತ ಅಳೆದು ಪುಸ್ತಕ ಮಾಡಿಟ್ಟವರು ಅನ್ನಾ ಮಣಿ. ಅವರ ಆ ಕೆಲಸದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಪ್ರಾಜೆಕ್ಟ್, ಗೈಡ್, ಆನರ್ಸ್ ಕ್ರೆಡಿಟ್ ಅಂತ ಓಡಾಡುವ ನಾವು ತಿಳಿಯಬೇಕಾದದ್ದು ಅದಕ್ಕೂ ಹಿಂದಿನ, ಬೆಂಗಳೂರಿನ ಐದು ವರ್ಷಗಳ ಕಥೆ.

ಹುಟ್ಟಿದ್ದು 1918ರಲ್ಲಿ, ತಿರುವಾಂಕೂರಿನ ಪೀರುಮೇಡಿನಲ್ಲಿ. ಅಪ್ಪ ಸಿವಿಲ್ ಎಂಜಿನಿಯರ್. ಎಂಟನೇ ಹುಟ್ಟುಹಬ್ಬಕ್ಕೆ ಮನೆಯವರು ವಜ್ರದ ಓಲೆ ಕೊಡಲು ಹೋದರೆ ಈ ಹುಡುಗಿ ಅದು ಬೇಡ, ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಕೊಡಿಸಿ ಅಂದಳಂತೆ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1939ಕ್ಕೆ ಬಿಎಸ್ಸಿ ಆನರ್ಸ್ ಮುಗಿಯಿತು. ಆ ಆನರ್ಸ್ ಪದವಿಯ ಬಲದ ಮೇಲೆಯೇ 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ಕಾಲರ್‌ಶಿಪ್ ಸಿಕ್ಕಿ, ಸಿ.ವಿ. ರಾಮನ್ ಅವರ ಲ್ಯಾಬ್ ಸೇರಿದರು.

ಅಲ್ಲಿ ಕೈಗೆ ಬಂದದ್ದು ಮತ್ತೆ ವಜ್ರವೇ! ರಾಮನ್ ಬಳಿ ಸುಮಾರು 300 ವಜ್ರಗಳ ಸಂಗ್ರಹವಿತ್ತು. ವಜ್ರ, ಮಾಣಿಕ್ಯಗಳ ಮೇಲೆ ಬೆಳಕು ಬಿಟ್ಟರೆ ಅವು ತಾವೂ ಮಂದವಾಗಿ ಹೊಳೆಯುತ್ತವೆ. ಆ ಹೊಳಪಿನ ರೋಹಿತವನ್ನು ದಾಖಲಿಸುವುದು ಅನ್ನಾ ಅವರ ಕೆಲಸ. ಈಗಿನ ಹಾಗೆ ಸೆನ್ಸರ್, ಸಾಫ್ಟ್‌ವೇರ್ ಏನೂ ಇಲ್ಲ, ಫೋಟೋ ಪ್ಲೇಟ್ ಅಷ್ಟೇ. ಕೆಲವು ಹರಳುಗಳನ್ನು ದ್ರವರೂಪದ ಗಾಳಿಯಲ್ಲಿ ತಣ್ಣಗಿಟ್ಟು, ಒಂದೊಂದು ಪ್ಲೇಟಿಗೆ ಹದಿನೈದು ಇಪ್ಪತ್ತು ತಾಸು ಬೆಳಕು ಬೀಳಿಸಬೇಕು. ರಾತ್ರಿಯೆಲ್ಲ ಲ್ಯಾಬಿನಲ್ಲೇ ಕಳೆದದ್ದೂ ಉಂಟು. ಗುರು ರಾಮನ್ ಆದರೂ 1942ರಿಂದ 1945ರ ನಡುವೆ ಬಂದ ಐದು ಪ್ರಬಂಧಗಳಲ್ಲಿ ಲೇಖಕರ ಹೆಸರು ಒಂದೇ: ಅನ್ನಾ ಅವರದು. ಗೈಡ್ ಹೆಸರಿಲ್ಲದೆ ಪೇಪರ್ ಬರುವುದು ಇವತ್ತಿಗೂ ಅಪರೂಪ ನೋಡಿ.

1945ರ ಆಗಸ್ಟ್‌ನಲ್ಲಿ ಥೀಸಿಸ್ ಸಲ್ಲಿಸಿದರು. ಆಗ ಸಂಸ್ಥೆಯಲ್ಲಿ ಮಾಡಿದ ಕೆಲಸಕ್ಕೆ ಪದವಿ ಕೊಡಬೇಕಾದದ್ದು ಮದ್ರಾಸ್ ವಿಶ್ವವಿದ್ಯಾಲಯ. ಎಂಎಸ್ಸಿ ಇಲ್ಲ, ಹಾಗಾಗಿ ಪಿಎಚ್‌ಡಿ ಇಲ್ಲ ಅಂತ ಅಲ್ಲಿಂದ ಉತ್ತರ ಬಂತು. ಸಂಶೋಧನೆಗೆ ಸೇರಲು ಸಾಕಾದ ಆನರ್ಸ್, ಸಂಶೋಧನೆ ಮುಗಿದ ಮೇಲೆ ಸಾಕಾಗಲಿಲ್ಲ! ಅದೇ ಲ್ಯಾಬಿನಲ್ಲಿದ್ದ ಸುನಂದಾಬಾಯಿ ಅವರಿಗೂ ಪಿಎಚ್‌ಡಿ ಸಿಗಲಿಲ್ಲ. ನಿಯಮ ಬಗ್ಗುವುದೇ ಇಲ್ಲ ಅನ್ನೋ ಹಾಗೂ ಇಲ್ಲ. ಯುದ್ಧದ ಅದೇ ವರ್ಷಗಳಲ್ಲಿ ವಿಕ್ರಮ್ ಸಾರಾಭಾಯಿ ಬೆಂಗಳೂರಿನಲ್ಲಿ ರಾಮನ್ ಮಾರ್ಗದರ್ಶನದಲ್ಲೇ ಕಾಸ್ಮಿಕ್ ಕಿರಣಗಳ ಮೇಲೆ ಕೆಲಸ ಮಾಡಿದರು. ಕೇಂಬ್ರಿಡ್ಜ್ ಅದನ್ನು ಒಪ್ಪಿತು, 1947ರಲ್ಲಿ ಡಾಕ್ಟರೇಟ್ ಕೊಟ್ಟಿತು.

ಪಿಎಚ್‌ಡಿ ಇಲ್ಲದ್ದರಿಂದ ತನ್ನ ಬದುಕಿಗೆ ಅಂಥ ವ್ಯತ್ಯಾಸವೇನೂ ಆಗಲಿಲ್ಲ ಎಂದೇ ಅನ್ನಾ ಹೇಳುತ್ತಿದ್ದರು. ಅವರ ಮಟ್ಟಿಗೆ ಅದು ನಿಜವಿರಬಹುದು. ಅಷ್ಟಕ್ಕೇ ವಿಶ್ವವಿದ್ಯಾಲಯ ಮಾಡಿದ್ದು ಸರಿ ಅಂತ ಆಗಲ್ಲ.

1945ರಲ್ಲೇ ಸರ್ಕಾರಿ ಸ್ಕಾಲರ್‌ಶಿಪ್ ಮೇಲೆ ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಹೋದರು. ಓದಬೇಕೆಂದಿದ್ದದ್ದು ಭೌತಶಾಸ್ತ್ರ, ಸಿಕ್ಕಿದ್ದು ಹವಾಮಾನ ಉಪಕರಣಗಳ ತರಬೇತಿ. 1948ರಲ್ಲಿ ವಾಪಸ್ ಬಂದು ಪುಣೆಯಲ್ಲಿ ಹವಾಮಾನ ಇಲಾಖೆ ಸೇರಿ, ಸುಮಾರು 100 ಉಪಕರಣಗಳ ಡ್ರಾಯಿಂಗ್‌ಗಳನ್ನು ಒಂದು ಮಾನಕಕ್ಕೆ ತಂದು ಇಲ್ಲಿಯೇ ತಯಾರಿಕೆ ಶುರು ಮಾಡಿಸಿದರು. 1957-58ರಲ್ಲಿ ದೇಶದಲ್ಲಿ ಬಿಸಿಲು ಅಳೆಯುವ ಕೇಂದ್ರಗಳ ಜಾಲ ಹಾಕಿದರು. ತುಂಬಾದ ರಾಕೆಟ್ ನೆಲೆಗೆ ಹವಾಮಾನ ವೀಕ್ಷಣಾಲಯ ಬೇಕಾದಾಗ ಅದೇ ಸಾರಾಭಾಯಿ ಇವರನ್ನೇ ಕೇಳಿದರು.

ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ 1976ರಲ್ಲಿ ನಿವೃತ್ತಿ. ಮತ್ತೆ ಬೆಂಗಳೂರು, ಈ ಸಲ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಂದರ್ಶಕ ಪ್ರಾಧ್ಯಾಪಕಿ. ದೇಶದ ಸೌರವಿಕಿರಣದ ಅಂಕಿಅಂಶಗಳ ಕೈಪಿಡಿ 1980ರಲ್ಲಿ ಬಂತು. ಆಮೇಲೆ ಗಾಳಿಯ ಸಮೀಕ್ಷೆಗೆ ಕೈಹಾಕಿದರು. ಗಾಳಿಯ ವೇಗ, ಬಿಸಿಲು ಅಳೆಯುವ ಉಪಕರಣ ತಯಾರಿಸುವ ಸಣ್ಣ ಕಾರ್ಖಾನೆಯನ್ನೂ ಬೆಂಗಳೂರಿನಲ್ಲಿ ನಡೆಸಿದರು. 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ತೀರಿಕೊಂಡರು. ಪದವಿ ಸಿಗದ ಆ ಥೀಸಿಸ್ ರಾಮನ್ ಸಂಸ್ಥೆಯ ಲೈಬ್ರರಿಯಲ್ಲಿ, ಪದವಿ ಸಿಕ್ಕ ಥೀಸಿಸ್‌ಗಳ ಜೊತೆಗೇ ಇದೆ.