ಎಲೆಕ್ಟ್ರಾನ್ ಓಟ ಅಳೆಯಲು ದಾರಿ ತೋರಿದವರಿಗೆ ಸಂಬಳವೇ ಇರಲಿಲ್ಲ!

ಲೋಹದ ಮೇಲೆ ಬೆಳಕು ಬಿದ್ದಾಗ ಮೇಲಿನ ಮಟ್ಟಕ್ಕೆ ಜಿಗಿಯುವ ಎಲೆಕ್ಟ್ರಾನ್ ಅಲ್ಲಿ ನಿಲ್ಲೋದು ಕೆಲವೇ ಫೆಮ್ಟೋಸೆಕೆಂಡ್. ಒಂದು ಸೆಕೆಂಡನ್ನು 10 ಕೋಟಿ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲೇ ಫೆಮ್ಟೋಸೆಕೆಂಡ್. ಇಷ್ಟು ಸಣ್ಣ ಅವಧಿಯನ್ನು ಅಳೆಯೋದು ಹೇಗೆ? ಮೊದಲ ಲೇಸರ್ ಮಿಂಚು ಎಲೆಕ್ಟ್ರಾನನ್ನು ಮೇಲಕ್ಕೆತ್ತುತ್ತೆ, ಎರಡನೆಯದು ಅದನ್ನು ಲೋಹದಿಂದಲೇ ಹೊರಕ್ಕೆ ಒದೆಯುತ್ತೆ. ಎರಡರ ನಡುವಿನ ಅಂತರ ಬದಲಿಸುತ್ತಾ ಹೋದರೆ ಎಲೆಕ್ಟ್ರಾನ್ ಎಷ್ಟು ಹೊತ್ತು ತಡೆದು ನಿಂತಿತ್ತು ಅನ್ನೋದು ತಿಳಿಯುತ್ತೆ.

ಎರಡು ಫೋಟಾನ್‌ಗಳು ಸೇರಿ ಒಂದೇ ಜಿಗಿತ ಮಾಡಿಸಬಲ್ಲವು ಎಂದು ಲೆಕ್ಕ ಹಾಕಿ ತೋರಿಸಿದವರು ಮರಿಯಾ ಗೋಪರ್ಟ್ ಮೇಯರ್. ಹುಟ್ಟಿದ್ದು 1906ರಲ್ಲಿ, ಬೆಳೆದಿದ್ದು ಜರ್ಮನಿಯ ಗಾಟಿಂಗನ್‌ನಲ್ಲಿ. 1930ರಲ್ಲಿ ಮ್ಯಾಕ್ಸ್ ಬಾರ್ನ್ ಮಾರ್ಗದರ್ಶನದಲ್ಲಿ ಪಿಎಚ್‌ಡಿ ಮುಗಿಸಿದರು. ಆಗ ಲೇಸರ್ ಅನ್ನೋದೇ ಇರಲಿಲ್ಲ. ಅವರ ಲೆಕ್ಕ ಪ್ರಯೋಗದಲ್ಲಿ ಸಾಬೀತಾಗಿದ್ದು 1961ರಲ್ಲಿ.

ಆ ಮೂರು ದಶಕ ಅವರೇನು ಮಾಡುತ್ತಿದ್ದರು? ಬಹುಪಾಲು ಬಿಟ್ಟಿ ದುಡಿಮೆ. ಅಮೆರಿಕದ ರಸಾಯನ ವಿಜ್ಞಾನಿ ಜೋಸೆಫ್ ಮೇಯರ್ ಅವರನ್ನು ಮದುವೆಯಾಗಿ ಬಾಲ್ಟಿಮೋರ್‌ಗೆ ಹೋದರು. ಗಂಡ ಪ್ರಾಧ್ಯಾಪಕರಾಗಿದ್ದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ, ಸ್ವಜನಪಕ್ಷಪಾತ ತಡೆಯುವ ನಿಯಮ ಮುಂದಿಟ್ಟು ಹೆಂಡತಿಗೆ ಬೋಧಕ ಹುದ್ದೆ ಕೊಡಲಿಲ್ಲ. 1946ರಲ್ಲಿ ಶಿಕಾಗೋಗೆ ಬಂದಾಗ ಪ್ರಾಧ್ಯಾಪಕಿ ಅನ್ನೋ ಪದವಿ ಸಿಕ್ಕಿತು, ಸಂಬಳ ಸಿಗಲಿಲ್ಲ. ಪಕ್ಕದ ಆರ್ಗಾನ್ ಪ್ರಯೋಗಾಲಯದ ಅರೆಕಾಲಿಕ ಕೆಲಸವೇ ಆದಾಯ. ಪರಮಾಣು ಬೀಜದ ಕವಚ ಮಾದರಿಯನ್ನು ರೂಪಿಸಿದ್ದು ಈ ಅವಧಿಯಲ್ಲೇ.

ಆ ನಿಯಮದಲ್ಲಿ ಹೆಂಗಸರು ಬೇಡ ಅಂತ ಬರೆದಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಬೇಡ ಅಂತಷ್ಟೇ ಇತ್ತು. ಆದರೆ ಇಬ್ಬರಲ್ಲಿ ಹೊರಗುಳಿಯೋದು ಯಾರು ಅನ್ನೋದನ್ನು ಸಮಾಜ ಮೊದಲೇ ತೀರ್ಮಾನಿಸಿತ್ತು. ತಾರತಮ್ಯ ನಿಷ್ಪಕ್ಷಪಾತದ ವೇಷ ಹಾಕಿಕೊಂಡು ಬರೋದು ಹೀಗೇನೇ.

ಪೂರ್ಣ ಸಂಬಳದ ಪ್ರಾಧ್ಯಾಪಕ ಹುದ್ದೆ ಸಿಕ್ಕಿದ್ದು 1960ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಆಗ ಅವರಿಗೆ ಐವತ್ತು ದಾಟಿತ್ತು. 1963ರಲ್ಲಿ ಕವಚ ಮಾದರಿಗಾಗಿ ನೊಬೆಲ್ ಬಂತು. ಮೇರಿ ಕ್ಯೂರಿ ಬಳಿಕ ಭೌತಶಾಸ್ತ್ರದ ನೊಬೆಲ್ ಪಡೆದ ಎರಡನೇ ಮಹಿಳೆ ಅವರು, ನಡುವೆ 60 ವರ್ಷಗಳ ಅಂತರ. ಆಗಲೂ ಸ್ಯಾನ್ ಡಿಯಾಗೋದ ಪತ್ರಿಕೆಯೊಂದರ ತಲೆಬರಹಕ್ಕೆ ಅವರು ವಿಜ್ಞಾನಿಯಾಗಿ ಕಾಣಲಿಲ್ಲ, ಊರಿನ ಒಬ್ಬ ತಾಯಿಯಾಗಿ ಕಂಡರು.

1972ರಲ್ಲಿ ಅವರು ತೀರಿಕೊಂಡರು. ಒಂದು ವಸ್ತು ಎರಡು ಫೋಟಾನ್‌ಗಳನ್ನು ಎಷ್ಟು ಸಲೀಸಾಗಿ ಒಟ್ಟಿಗೆ ಹೀರುತ್ತದೆ ಎಂದು ಅಳೆಯುವ ಮಾನಕ್ಕೆ ಇವತ್ತು ಅವರದೇ ಹೆಸರಿದೆ. ಹೆಸರಿಗೆ ಗೌರವ ತಡವಾಗಿ ಬಂದರೂ ನಡೆಯುತ್ತೆ. ಕೊಡದೇ ಉಳಿಸಿಕೊಂಡ ಅಷ್ಟೂ ವರ್ಷಗಳ ಸಂಬಳದ ಲೆಕ್ಕ ಯಾರು ಕೊಡ್ತಾರೆ?